ಅಂಚಿನಲ್ಲಿ ಬರೆಯಬಾರದು

ಜೂನ್ ೪

ಅಕ್ಕಾ,

ಎರಡು ವರ್ಷದ ಮೇಲೆ ತಮ್ಮನ ಕಾಗದ ಬಂದಿದೆ ಅಂದರೆ ಯಾರೋ ಹೋಗಿರಬೇಕು, ಇಲ್ಲ ಏನೋ ಬೇಕಿರಬೇಕು ಅಂದುಕೊಂಡಿರುತ್ತೀಯ. ಯಾರೂ ಹೋಗಿಲ್ಲ. ಬೇಕಿರುವುದು ಲ್ಯಾಟಿನ್. ಹಿಂದಿನ ಕಾಗದವನ್ನು ನೀನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದಾಗ ಇನ್ನು ಬರೆಯಬಾರದು ಅಂತಲೇ ಇದ್ದೆ. ಈಗ ತಿದ್ದಿಸಿಕೊಳ್ಳುವುದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಪ್ರೆಸ್ಸಿಗೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಮೊದಲ ದಿನವೇ ಪ್ರೂಫ್ ಕೋಣೆಗೆ ಬಂದು, "ಹತ್ತೊಂಬತ್ತು ವರ್ಷದಿಂದ ಪ್ರೂಫ್ ನೋಡ್ತಿದೀರಂತೆ, ಸರ್ಟಿಫಿಕೇಟ್ ಎಲ್ಲಿ?" ಅಂದರು. "ಕನ್ನಡಕದ ನಂಬರ್ ತೋರಿಸ್ಲಾ ಸಾರ್?" ಅಂದೆ. ನಗಲಿಲ್ಲ. ಆಗಸ್ಟ್ ಹದಿನಾರಕ್ಕೆ ಮುದ್ರಕರ ಪರೀಕ್ಷಾ ಮಂಡಳಿಯ ಪರೀಕ್ಷೆ, ನಾವು ನಾಲ್ವರೂ ಬರೆಯಬೇಕು. ನಾವು ಅಚ್ಚು ಹಾಕುವುದು ವಿಜ್ಞಾನದ, ವೈದ್ಯದ ಇಂಗ್ಲಿಷ್ ಪಠ್ಯಪುಸ್ತಕಗಳು ತಾನೇ? ಹಾಗಾಗಿ ನೂರಕ್ಕೆ ನಲವತ್ತು ಅಂಕ ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ವಲಸೆ ಬಂದ ಪದಗಳ ಬಹುವಚನಕ್ಕೇ ಮೀಸಲು. ಪಾಸಾದರೆ ಬಡ್ತಿ. ಅಷ್ಟೇ ವಿಷಯ.

ಕನ್ನಡದಲ್ಲಾದರೆ 'ಗಳು' ಹಚ್ಚಿದರೆ ಕಥೆ ಮುಗಿಯಿತು. ಮರಗಳು, ಮಂಗಗಳು, ಮ್ಯಾನೇಜರುಗಳು. ಇಲ್ಲಿ ಒಂದೊಂದು ಪದಕ್ಕೆ ಒಂದೊಂದು ಗತ್ತು. ಫಂಗಸ್ ಹಿಂಡಾದರೆ ಫಂಜೈ, ಬ್ಯಾಕ್ಟೀರಿಯಮ್ ಹಿಂಡಾದರೆ ಬ್ಯಾಕ್ಟೀರಿಯಾ, ಲಾರ್ವಾ ಹೋಗಿ ಲಾರ್ವೀ. ಜೀನಸ್ ಅನ್ನುವವನು ನೋಡಲು ಫಂಗಸ್ಸಿನ ಅಣ್ಣತಮ್ಮನ ಹಾಗೇ ಇದ್ದಾನೆ, ಆದರೆ ಮನೆತನ ಬೇರೆಯಂತೆ, ಅವನು ಜೆನೆರಾ. ನೆನಪಿಗೆ ಪ್ರಾಸ ಕಟ್ಟಿಕೊಳ್ಳುತ್ತಿದ್ದೇನೆ: ಡೇಟಮ್ ಒಬ್ಬಳೇ ಮಗಳು, ಡೇಟಾ ಮನೆ ತುಂಬ ಮಕ್ಕಳು.

ಹತ್ತು ಹತ್ತು ಪದ ಬರೆದು ಕಳಿಸುತ್ತೇನೆ, ಅಂಕ ಹಾಕಿ ಕಳಿಸು. ಫೋನ್ ಬೇಡ. ಫೋನಿನಲ್ಲಿ ನೀನು 'ಹ್ಞೂಂ' ಅಂದರೂ ನನಗೆ ಸೊನ್ನೆ ಬಂದ ಹಾಗೆ ಕೇಳಿಸುತ್ತೆ.

ನಿನ್ನ ತಮ್ಮ

—

ಜೂನ್ ೧೫

ತಮ್ಮಾ,

ನಿನ್ನ ಕಾಗದವನ್ನು ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಏಳು ತಪ್ಪು. ಇಂಗ್ಲಿಷಿನಲ್ಲಿ ಮೂರು, ಕನ್ನಡದಲ್ಲಿ ನಾಲ್ಕು. ನಗೆಚಾಟಿಕೆಗೆ ಅಂಕವಿಲ್ಲ.

ಮೊದಲು ಪ್ರಾಸ ಬಿಡು. ಅದು ಪರೀಕ್ಷೆ ಪಾಸಾಗುವವರ ಚಾಳಿಯಲ್ಲ, ಮದುವೆ ಮನೆಯಲ್ಲಿ ಮೈಕ್ ಕೈಗೆ ಸಿಕ್ಕವರ ಚಾಳಿ. ಅಪೆಂಡಿಕ್ಸ್ ಪುಸ್ತಕದ ಕೊನೆಯಲ್ಲಿದ್ದರೆ ಬಹುವಚನ ಅಪೆಂಡಿಸೀಸ್, ಹೊಟ್ಟೆಯೊಳಗಿದ್ದರೆ ಅಪೆಂಡಿಕ್ಸಸ್. ವೈರಸ್ಸಿಗೆ ವೈರೈ ಇಲ್ಲ, ವೈರಸಸ್. ಕೊನೆಯಲ್ಲಿ 'ಅಸ್' ಕಂಡ ಕೂಡಲೇ 'ಐ' ಹಚ್ಚಲು ಓಡುವುದು ಅರೆಕಲಿತವರ ಲಕ್ಷಣ. ಅರ್ಥವಾಗದಿದ್ದರೆ ಬಾಯಿಪಾಠ ಮಾಡು. ನಲವತ್ತಾರನೆಯ ವಯಸ್ಸಿನಲ್ಲಿ ಅರ್ಥಕ್ಕಿಂತ ಬಾಯಿಪಾಠವೇ ವಾಸಿ.

ಏನೂ ತಿಳಿಯದವನಿಗೆ ಇಂಗ್ಲಿಷಿನಲ್ಲಿ ಇಗ್ನೊರೇಮಸ್ ಎನ್ನುತ್ತಾರೆ. ನಿಮ್ಮ ಪ್ರೂಫ್ ಕೋಣೆಯ ನಾಲ್ವರನ್ನೂ ಸೇರಿಸಿ ಹೇಳುವಾಗ ಇಗ್ನೊರೇಮೈ. ಇದನ್ನೂ ಬರೆದುಕೋ, ಉಪಯೋಗಕ್ಕೆ ಬರುತ್ತದೆ.

ಸೋದರಮಾವ ನಮ್ಮಿಬ್ಬರಲ್ಲಿ ಒಬ್ಬರನ್ನೇ ಇಂಗ್ಲಿಷ್ ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ, ಅಕ್ಕನನ್ನೇ ಯಾಕೆ ಆರಿಸಿದರು ಎಂದು ನೀನು ಚಿಕ್ಕಂದಿನಲ್ಲಿ ಎಲ್ಲರನ್ನೂ ಕೇಳುತ್ತಿದ್ದೆ. ನಿನ್ನ ಈ ಕಾಗದವನ್ನು ನೀನೇ ಒಮ್ಮೆ ಓದಿಕೊಂಡರೆ ಉತ್ತರ ಸಿಗುತ್ತದೆ.

ಅಕ್ಕ

—

ಜೂನ್ ೨೪

ಅಕ್ಕಾ,

ಹತ್ತು ಪದ ಬೇರೆ ಹಾಳೆಯಲ್ಲಿವೆ. ಪ್ರಾಸ ಬಿಡಲು ನೋಡಿದೆ. ಬೀಡಿ ಒಂದೇ ದಿನದಲ್ಲಿ ಬಿಟ್ಟವನು ನಾನು, ಇದು ಮಾತ್ರ ಆಗಲಿಲ್ಲ.

ನಮ್ಮ ನಾಲ್ವರಲ್ಲಿ ಅತಿ ಚಿಕ್ಕವಳೊಬ್ಬಳಿದ್ದಾಳೆ. ಕಂಡಕಂಡಲ್ಲಿ ಕಾಮಾ ಹಾಕುವುದರಿಂದ ಅವಳ ಹೆಸರೇ ಕಾಮಾ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ನನ್ನ ಕೈಲಿ ಪಾಠ ಹೇಳಿಸಿಕೊಳ್ಳುತ್ತಾಳೆ. ನಿನ್ನೆ, "ಅಣ್ಣಾ, ಬೋನಸ್ಸಿಗೆ ಬೋನೈ ಅಂತಾರಾ?" ಅಂದಳು. "ಬಹುವಚನ ಬೇಕಾಗೋವಷ್ಟು ಬೋನಸ್ಸು ಇಲ್ಲಿ ಯಾರೂ ಕಂಡಿಲ್ಲಮ್ಮಾ" ಅಂದೆ.

ಅವಳು ಕಲಿತದ್ದೆಲ್ಲ ಕಂಪ್ಯೂಟರ್ ಪರದೆಯ ಮೇಲೆ. ತಪ್ಪು ಕಂಡಲ್ಲೇ ಅಳಿಸುತ್ತಾಳೆ, ಕಂಡಲ್ಲೇ ಬರೆಯುತ್ತಾಳೆ. ನಮ್ಮ ಕಾಲದವರಿಗೆ ಅಂಚು ಬೇಕು. ಸಾಲಿನೊಳಗೆ ತಪ್ಪಿಗೊಂದು ಗೀಟು, ಪಕ್ಕದ ಅಂಚಿನಲ್ಲಿ ಸರಿಯಾದದ್ದು. ಅನುಮಾನ ಬಂದರೆ ಪ್ರಶ್ನೆ ಕೇಳುವುದೂ ಅಲ್ಲೇ, ಲೇಖಕರು ಬೈಯುವುದೂ ಅಲ್ಲೇ. ಒಬ್ಬ ಡಾಕ್ಟರ್ ಲೇಖಕರ ಜೊತೆ ಹನ್ನೊಂದು ವರ್ಷದಿಂದ ಅಂಚಿನಲ್ಲಿ ಜಗಳ ಆಡುತ್ತಿದ್ದೇನೆ. ಇವತ್ತಿಗೂ ಮುಖ ನೋಡಿಲ್ಲ. ಆದರೆ ಮಗಳ ಮದುವೆಯ ಸುದ್ದಿಯನ್ನು ಶ್ವಾಸಕೋಶದ ಅಧ್ಯಾಯದ ಅಂಚಿನಲ್ಲಿ ಬರೆದು ತಿಳಿಸಿದ್ದರು.

ಸೋದರಮಾವ ಬಂದ ದಿನ ನನಗೆ ಜ್ವರ ಇತ್ತು, ಎದ್ದು ಕೂರಲಿಲ್ಲ, ಅಷ್ಟೇ ಅಂತ ಅಮ್ಮ ಹೇಳುತ್ತಿದ್ದಳು. ಇರಲಿ ಬಿಡು.

ನಿನ್ನ ತಮ್ಮ

—

ಜೂನ್ ೨೪, ಸಂಜೆ

ಅಕ್ಕಾ,

ಬೆಳಿಗ್ಗೆ ಒಂದು ಕಾಗದ ಅಂಚೆ ಡಬ್ಬಿಗೆ ಹಾಕಿ ಬಂದೆ. ಇದನ್ನು ಹಾಕುವುದಿಲ್ಲ. ಹಾಕುವುದಿಲ್ಲ ಅಂತ ಗೊತ್ತಿರುವುದರಿಂದ ನಿಜ ಬರೆಯಬಹುದು.

ಬಡ್ತಿ ಅಂದದ್ದು ಸುಳ್ಳು. ಪ್ರೂಫ್ ಕೋಣೆ ಮುಚ್ಚುತ್ತಿದ್ದಾರೆ. ನಾಲ್ವರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವರನ್ನು. ಮಿಕ್ಕ ಮೂವರಿಗೆ ಸೆಪ್ಟೆಂಬರ್ ಮೂವತ್ತು ಕೊನೆಯ ದಿನ. ಈ ವಯಸ್ಸಿನಲ್ಲಿ ನನ್ನಂಥವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ ಅಂತ ನನ್ನ ಹೆಂಡತಿ ಕೇಳಿದಳು. ಉತ್ತರ ಗೊತ್ತಿದ್ದೇ ಕೇಳುತ್ತಾಳೆ.

"ನಿಮ್ಮ ಅಕ್ಕಂಗೆ ನಿಜ ಹೇಳ್ರೀ, ಇನ್ನೂ ಚೆನ್ನಾಗಿ ಹೇಳ್ಕೊಡ್ತಾರೆ."

"ಹೇಳಿದ್ರೆ ಅಯ್ಯೋ ಪಾಪ ಅಂತಾಳೆ."

"ಅನ್ಲಿ ಬಿಡಿ, ನಿಮ್ಮ ಗಂಟೇನು ಹೋಗುತ್ತೆ?"

ಹೋಗುತ್ತೆ ಅಕ್ಕಾ. ನಿನ್ನ ಬೈಗುಳ ತಡೆದುಕೊಳ್ಳುತ್ತೇನೆ, ಮೂವತ್ತು ವರ್ಷದ ಅಭ್ಯಾಸ. ನಿನ್ನ ಅಯ್ಯೋ ಪಾಪ ತಡೆಯಲಾರೆ.

ಇನ್ನೊಂದು. ನೀನು ಬರೆದ ಇಗ್ನೊರೇಮೈಯನ್ನು ಪ್ರೆಸ್ಸಿನ ದೊಡ್ಡ ಡಿಕ್ಷನರಿಯಲ್ಲಿ ಹುಡುಕಿದೆ. ಲ್ಯಾಟಿನ್ನಿನಲ್ಲಿ ಅದು ನಾಮಪದವೇ ಅಲ್ಲವಂತೆ. 'ನಮಗೆ ಗೊತ್ತಿಲ್ಲ' ಅನ್ನುವ ಕ್ರಿಯಾಪದವಂತೆ. ಅದಕ್ಕೆ 'ಐ' ಹತ್ತುವುದಿಲ್ಲ, ಇಗ್ನೊರೇಮಸಸ್ ಅಂತಲೇ ಅನ್ನಬೇಕಂತೆ. ಮೂರು ಸಲ ನೋಡಿದೆ. ಹುಟ್ಟಿದ ಮೇಲೆ ಮೊದಲ ಸಲ ನಿನ್ನದೊಂದು ತಪ್ಪು ನನ್ನ ಕೈಗೆ ಸಿಕ್ಕಿದೆ. ಎಲ್ಲಿಡಬೇಕೋ ತಿಳಿಯದೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ನಿನಗೆ ತಪ್ಪು ತೋರಿಸಿ ಚೆನ್ನಾಗಿ ಬಾಳಿದವರನ್ನು ನಾನಂತೂ ನೋಡಿಲ್ಲ.

—

ಜುಲೈ ೯

ತಮ್ಮಾ,

ಹತ್ತಕ್ಕೆ ಒಂಬತ್ತು. ಓಪಸ್ ತಪ್ಪಿದೆ. ಓಪೈ ಅಲ್ಲ, ಓಪೆರಾ. ಹತ್ತಕ್ಕೆ ಹತ್ತು ಬರುವವರೆಗೂ ಹಿಗ್ಗಬೇಡ.

ಇನ್ನು ಸೆಪ್ಟೆಂಬರ್ ಮುಗಿಯುವವರೆಗೆ ನನಗೆ ಪದಗಳನ್ನು ಕಳಿಸಬೇಡ. ಒಂದು ಜವಾಬ್ದಾರಿ ಬಂದಿದೆ. ಯಾವುದೆಂದು ಹೇಳುವಂತಿಲ್ಲ. ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪಾಠ ಹೇಳಿದ್ದೇನೆ, ಈವರೆಗೆ ಯಾರೂ ಯಾವ ಪಟ್ಟಿಯಲ್ಲೂ ನನ್ನ ಹೆಸರು ಬರೆದಿರಲಿಲ್ಲ. ಈಗ ಬರೆದಿದ್ದಾರೆ. ಅದನ್ನು ಉಳಿಸಿಕೊಳ್ಳಬೇಕು.

ಬಡ್ತಿಯ ಆಸೆ ಅತಿಯಾಗದಿರಲಿ. ಈ ಸಲ ತಪ್ಪಿದರೆ ಮುಂದಿನ ಸಲ. ಅದಕ್ಕಾಗಿ ನಿನ್ನ ಮೇಜು ಕುರ್ಚಿಯನ್ನೇನೂ ಯಾರೂ ಹೊತ್ತುಕೊಂಡು ಹೋಗುವುದಿಲ್ಲ.

ಅಕ್ಕ

—

ಆಗಸ್ಟ್ ೧೮

ಅಕ್ಕಾ,

ಪದ ಕಳಿಸುತ್ತಿಲ್ಲ, ಸುದ್ದಿ ಕಳಿಸುತ್ತಿದ್ದೇನೆ. ಸುದ್ದಿಗೆ ನಿಷೇಧ ಇಲ್ಲ ತಾನೇ?

ಪರೀಕ್ಷೆ ಆಯಿತು. ಶಾಲೆಯ ಮಕ್ಕಳ ಬೆಂಚು, ಮಂಡಿ ಗದ್ದಕ್ಕೆ ತಾಗುತ್ತಿತ್ತು. ಬೆಂಚಿನ ಮೇಲೆ ನಂಬರಿನ ಚೀಟಿ. ಉತ್ತರಪತ್ರಿಕೆಯ ಮೇಲೆ ದಪ್ಪಕ್ಷರದಲ್ಲಿ ಸೂಚನೆ: ಹೆಸರು ಬರೆಯಬಾರದು, ಗುರುತು ಮಾಡಬಾರದು, ಅಂಚಿನಲ್ಲಿ ಏನನ್ನೂ ಬರೆಯಬಾರದು. ಪ್ರೂಫ್ ನೋಡುವವರಿಗೆ ಅಂಚು ಮುಟ್ಟಬೇಡಿ ಅನ್ನುವುದು ಮೀನಿಗೆ ಒದ್ದೆಯಾಗಬೇಡ ಅಂದ ಹಾಗೆ. ನನ್ನ ಮುಂದಿನ ಬೆಂಚಿನ ಮುದುಕರು ಅದನ್ನೇ ಕೇಳಿದರು. "ಹಾಗಾದ್ರೆ ಎಲ್ಲಿ ಬರೀಬೇಕು ಮೇಡಂ?" ಮೇಲ್ವಿಚಾರಕಿ, "ಮಧ್ಯದಲ್ಲಿ ಬರೀರಿ ಸಾರ್, ಬೇಕಾದಷ್ಟು ಜಾಗ ಇದೆ" ಅಂದಳು. ಮಧ್ಯದಲ್ಲಿ ಬರೆದು ಯಾರಿಗೆ ಅಭ್ಯಾಸ?

ಪೇಪರ್ ನನಗೆ ಸುಲಭವಿತ್ತು. ಮೊದಲ ಸಲ ಹೀಗನ್ನುತ್ತಿದ್ದೇನೆ. ಬೈಯಬೇಡ. ಒಂದು ಕಡೆ ಮಾತ್ರ ಕೈ ಮಾತು ಕೇಳಲಿಲ್ಲ. ಏನು ಅಂತ ಹೇಳುವುದಿಲ್ಲ. ನೋಡಿದವರು ನಕ್ಕೇ ನಗುತ್ತಾರೆ. ನೀನಾದರೂ ನಗುತ್ತೀಯ.

ನಿನ್ನ ತಮ್ಮ

—

ಆಗಸ್ಟ್ ೨೯

ಕಾರ್ಯದರ್ಶಿಯವರಿಗೆ
ಮುದ್ರಕರ ಪರೀಕ್ಷಾ ಮಂಡಳಿ

ವಿಷಯ: ಉತ್ತರಪತ್ರಿಕೆ ಸಂಖ್ಯೆ ೪೧೭

ಮಾನ್ಯರೇ,

ತಾವು ವಹಿಸಿದ್ದ ತೊಂಬತ್ತೊಂದು ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿದಿದೆ. ಅವುಗಳಲ್ಲಿ ಸಂಖ್ಯೆ ೪೧೭ರ ಆರನೆಯ ಪುಟದ ಅಂಚಿನಲ್ಲಿ, ಪ್ರಶ್ನೆ ೩೮ರ ಪಕ್ಕದಲ್ಲಿ, ಅಭ್ಯರ್ಥಿಯು ಈ ಎರಡು ಸಾಲುಗಳನ್ನು ಬರೆದಿರುತ್ತಾರೆ:

"ಗೊತ್ತಿಲ್ಲ ಎಂಬ ಮಾತಿಗೆ ಐ ಬಾಲವ ಕಟ್ಟಿ
ಕತ್ತಲಲಿ ಪ್ರಶ್ನೆ ಮಾಡಿದವರ ಜಾಣತನ ಗಟ್ಟಿ!"

ಇದು ಬರೆದವರ ಗುರುತು ಸಿಗುವಂಥ ಬರಹವಾದ್ದರಿಂದ ನಿಯಮ ೯ರಂತೆ ಪತ್ರಿಕೆಯನ್ನು ರದ್ದುಗೊಳಿಸಲು ಶಿಫಾರಸು ಮಾಡುತ್ತೇನೆ. ಇದಕ್ಕೆ ನೀಡಿದ್ದ ೯೬ ಅಂಕಗಳನ್ನು ಹೊಡೆದುಹಾಕಿದ್ದೇನೆ. ಅದು ತೊಂಬತ್ತೊಂದರಲ್ಲಿ ಅತಿ ಹೆಚ್ಚಿನ ಅಂಕವಾಗಿತ್ತೆಂಬುದು ಇಲ್ಲಿ ಅಪ್ರಸ್ತುತ.

ಹಾಗೆಯೇ, ಪ್ರಶ್ನೆ ೩೮ರಲ್ಲಿ ಬಹುವಚನಕ್ಕೆ 'ಐ' ಹತ್ತುವ ಪದಗಳ ಪಟ್ಟಿಯೊಳಗೆ ಇಗ್ನೊರೇಮಸ್ ಎಂಬ ಪದವು ಮುದ್ರಣದ ವೇಳೆ ಪ್ರೂಫ್ ನೋಡಿದವರ ಅಜಾಗರೂಕತೆಯಿಂದ ನುಸುಳಿರುತ್ತದೆ. ಎಲ್ಲ ಅಭ್ಯರ್ಥಿಗಳಿಗೂ ಆ ಪ್ರಶ್ನೆಗೆ ಪೂರ್ಣ ಅಂಕ ನೀಡಬಹುದು.

ತಮ್ಮ ವಿಶ್ವಾಸಿ
ಪ್ರಶ್ನೆಪತ್ರಿಕೆ ರಚನಾಕಾರರು ಹಾಗೂ ಮೌಲ್ಯಮಾಪಕರು

—

ಸೆಪ್ಟೆಂಬರ್ ೨೦

ತಮ್ಮಾ,

ಫಲಿತಾಂಶ ನೋಡಿರುತ್ತೀಯ. ನಿನ್ನ ನಂಬರಿನ ಮುಂದೆ 'ರದ್ದು' ಎಂದಿರುವುದಕ್ಕೆ ಕಾರಣ ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ. ಪ್ರಶ್ನೆಪತ್ರಿಕೆ ಮಾಡಿದವಳು ನಾನು, ತಿದ್ದಿದವಳೂ ನಾನು. ಜುಲೈಯಲ್ಲಿ ನಾನು ಹೇಳದೆ ಬಿಟ್ಟ ಜವಾಬ್ದಾರಿ ಇದೇ. ತಮ್ಮನೂ ಬರೆಯುತ್ತಿದ್ದಾನೆ ಎಂದು ಮಂಡಳಿಗೆ ತಿಳಿಸಿದ್ದರೆ ಕೆಲಸ ಕೈತಪ್ಪುತ್ತಿತ್ತು, ಹೇಳಲಿಲ್ಲ. ಆದ್ದರಿಂದ ಮಿಕ್ಕವರಿಗಿಂತ ನಿನ್ನ ವಿಷಯದಲ್ಲಿ ಎರಡು ಪಟ್ಟು ಬಿಗಿಯಾಗಿರಬೇಕಿತ್ತು.

ನಿನ್ನ ಆಗಸ್ಟ್ ಹದಿನೆಂಟರ ಕಾಗದ ಬಂದಾಗ ನಿನ್ನ ಪತ್ರಿಕೆ ನನ್ನ ಮೇಜಿನ ಮೇಲೆ ತೆರೆದೇ ಇತ್ತು. ಮೊದಲ ಪುಟದಲ್ಲಿ ಸೂಚನೆ ಓದಿಯೂ ಅಂಚಿನಲ್ಲಿ ಗೀಚುವವನನ್ನು ಏನನ್ನಬೇಕು? ಪ್ರಾಸ ಬಿಡು ಎಂದು ಜೂನ್‌ನಲ್ಲೇ ಹೇಳಿದ್ದೆ. ತೊಂಬತ್ತಾರು ಬಂದಿತ್ತು. ಎರಡು ಸಾಲಿಗೆ ಕಳೆದುಕೊಂಡೆ.

ಕಾರ್ಯದರ್ಶಿಯವರು ನನ್ನ ನಿಷ್ಠುರತೆಯನ್ನು ಮೆಚ್ಚಿ ಪತ್ರ ಬರೆದಿದ್ದಾರೆ. ಮುಂದಿನ ವರ್ಷದಿಂದ ಮಂಡಳಿಯ ಖಾಯಂ ಸದಸ್ಯೆ ಮಾಡುವವರಿದ್ದಾರೆ. ನಿನಗೂ ಹೆಮ್ಮೆಯಾಗಬೇಕು. ಬಡ್ತಿಗೆ ಇನ್ನೊಂದು ವರ್ಷ ಕಾದರೆ ಆಕಾಶ ಕಳಚಿ ಬೀಳುವುದಿಲ್ಲ. ಪತ್ರ ಬರೆ.

ಅಕ್ಕ

—

ಅಕ್ಟೋಬರ್ ೧೧

ಅತ್ತಿಗೆಯವರಿಗೆ,

ನಿಮ್ಮ ತಮ್ಮನ ಹೆಂಡತಿ ಬರೆಯುವುದು. ನನ್ನ ಕಾಗದವನ್ನೂ ಕೆಂಪು ಇಂಕಿನಲ್ಲಿ ತಿದ್ದಿ ಕಳಿಸಿ, ಬೇಜಾರಿಲ್ಲ. ಮೊದಲು ಪೂರ್ತಿ ಓದಿ.

ನಿಮ್ಮ ಕಾಗದ ಅವರು ಓದಿದರು. ಮಡಿಸಿಟ್ಟರು. "ಏನಂತೆ?" ಅಂದೆ. "ಅಕ್ಕ ಖಾಯಂ ಆದ್ಳಂತೆ" ಅಂದರು.

ಬಡ್ತಿ ಗಿಡ್ತಿ ಏನೂ ಇರಲಿಲ್ಲ ಅತ್ತಿಗೆ. ಕೆಲಸವೇ ಇತ್ತು, ಅದೇ ಹೋಯಿತು. ಸೆಪ್ಟೆಂಬರ್ ಮೂವತ್ತಕ್ಕೆ ಒಂದು ಚೀಲದಲ್ಲಿ ಟೀ ಲೋಟ, ಚಪ್ಪಲಿ, ಕುರ್ಚಿಯ ದಿಂಬು ಹಾಕಿಕೊಂಡು ಬಂದರು. ಆ ಹುಡುಗಿ ಕಾಮಾ ಇದ್ದಾಳಲ್ಲ, ಅವಳಿಗೆ ಎಂಬತ್ತೆಂಟು ಬಂದು ಅವಳು ಉಳಿದಳು. ಮನೆವರೆಗೂ ಬಂದು ಬಾಗಿಲಲ್ಲೇ ನಿಂತು ಅತ್ತಳು. "ಅಣ್ಣ ಹೇಳ್ಕೊಟ್ಟಿದ್ದೇ ಎಲ್ಲಾ ಬಂದಿತ್ತು" ಅಂತ. ಇವರು ಅವಳಿಗೇ ಸಮಾಧಾನ ಹೇಳಿ ಕಳಿಸಿದರು.

ಮನೆಯಲ್ಲಿ ಪ್ರಾಸ ಇಲ್ಲ. ಮೊದಲೆಲ್ಲ ಉಪ್ಪು ಕಮ್ಮಿಯಾದರೂ ಪ್ರಾಸ ಕಟ್ಟುತ್ತಿದ್ದರು, ನಾನು ಸಾಕು ಮಾಡಿ ಅನ್ನುತ್ತಿದ್ದೆ. ಈಗ ಉಪ್ಪೇ ಹಾಕದೆ ಬಡಿಸಿ ನೋಡಿದೆ. ಸುಮ್ಮನೆ ಉಂಡು ಎದ್ದರು.

ಜೂನ್‌ನಲ್ಲಿ ನಿಮಗೆ ಬರೆದು ಹಾಕದೇ ಇಟ್ಟ ಕಾಗದ ಒಂದು ಅವರ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಇದರ ಜೊತೆ ಇಟ್ಟಿದ್ದೇನೆ. ಅವರಿಗೆ ಗೊತ್ತಿಲ್ಲ. ನೀವೇ ಕೆಡಿಸಿದ್ದು, ನೀವೇ ಸರಿ ಮಾಡಿ.

—

ಅಕ್ಟೋಬರ್ ೧೯

ತಮ್ಮಾ,

ನಿನ್ನ ಹೆಂಡತಿಯ ಕಾಗದ ಬಂತು. ನೀನು ಜೂನ್‌ನಲ್ಲಿ ಬರೆದದ್ದನ್ನೂ ಓದಿದೆ. ನಿಜ ಹೇಳಿದ್ದರೆ ನಾನು ಆ ಪತ್ರಿಕೆಯನ್ನು ಮುಟ್ಟುತ್ತಲೇ ಇರಲಿಲ್ಲ, ಬೇರೆಯವರಿಗೆ ಕೊಡಿ ಎನ್ನುತ್ತಿದ್ದೆ. ನೀನು ಸುಳ್ಳು ಹೇಳಿದ್ದಕ್ಕೆ ನಾನು ಹೊಣೆಯಲ್ಲ. ಆದರೂ ಈಗ ಅದನ್ನೆಲ್ಲ ಆಡಿ ಫಲವಿಲ್ಲ.

ಮೇಲ್ಮನವಿಯ ಅರ್ಜಿ ಇದರೊಂದಿಗಿದೆ. ತುಂಬಬೇಕಾದದ್ದನ್ನೆಲ್ಲ ನಾನೇ ತುಂಬಿದ್ದೇನೆ. ಅಂಚಿನ ಆ ಸಾಲುಗಳಿಂದ ಯಾರ ಗುರುತೂ ನನಗೆ ಸಿಗಲಿಲ್ಲ, ಅದು ವೃತ್ತಿಯ ರೂಢಿಯಿಂದ ಬಂದ ಬರಹ, ರದ್ದು ಮಾಡಿದ್ದು ನನ್ನ ಅವಸರ ಎಂದು ಬರೆದು ಸಹಿ ಮಾಡಿದ ನನ್ನ ಹೇಳಿಕೆಯನ್ನು ಲಗತ್ತಿಸಿದ್ದೇನೆ. ಸುಳ್ಳು ಎಂದು ಗೊತ್ತಿದ್ದೂ ಸಹಿ ಮಾಡಿದ್ದು ಇದೇ ಮೊದಲು. ಪ್ರಶ್ನೆ ೩೮ರ ತಪ್ಪು ಮುದ್ರಣದ್ದಲ್ಲ, ನನ್ನದೇ ಎಂದೂ ಬರೆದಿದ್ದೇನೆ. ಖಾಯಂ ಸದಸ್ಯತ್ವ ಹೋಗುತ್ತದೆ. ಹೋಗಲಿ.

ನಿಮ್ಮ ಮ್ಯಾನೇಜರ್ ಜೊತೆ ಮಾತಾಡಿದೆ. ತೊಂಬತ್ತಾರು ಎಂದು ಮಂಡಳಿ ತಿದ್ದಿ ಕಳಿಸಿದರೆ ನಿನ್ನನ್ನೇ ವಾಪಸು ತೆಗೆದುಕೊಳ್ಳುತ್ತಾರಂತೆ, ಆ ಹುಡುಗಿಯನ್ನು ಬಿಡುತ್ತಾರಂತೆ. ನಿನ್ನದೊಂದು ಸಹಿ ಬೇಕು, ಅಷ್ಟೇ. ಅರ್ಜಿ ಮಂಡಳಿಗೆ ತಲುಪಲು ಕೊನೆಯ ದಿನ ನವೆಂಬರ್ ೧೦.

ನಿನ್ನ ಹೆಂಡತಿಯ ಕಾಗದದಲ್ಲಿ ಕಾಗುಣಿತದ ತಪ್ಪು ನಾಲ್ಕಿವೆ. ತಿದ್ದಿಲ್ಲ.

ಅಕ್ಕ

—

ನವೆಂಬರ್ ೩

ತಮ್ಮಾ,

ಅರ್ಜಿ ತಲುಪಿತೇ? ಅಂಚೆಗೆ ಮೂರು ದಿನವಾದರೂ ಬೇಕು. ಇದು ಕೈಸೇರಿದ ದಿನವೇ ಹಾಕು. ನನಗೆ ಕಾಗದ ಬರೆಯಬೇಕೆಂದಿಲ್ಲ, ಬೈಯಬೇಕೆಂದರೆ ಆಮೇಲೆ ಬೈ. ಮೊದಲು ಸಹಿ ಹಾಕು. ಫೋನ್ ಮಾಡಿದೆ, ನಿನ್ನ ಹೆಂಡತಿ ತೆಗೆದಳು, "ಅವರು ಮನೇಲಿಲ್ಲ" ಎಂದಳು. ಹಿಂದೆ ನಿನ್ನ ಕೆಮ್ಮು ಕೇಳಿಸಿತು.

ಅಕ್ಕ

—

ನವೆಂಬರ್ ೧೧

ಅಕ್ಕಾ,

ಮೇಲ್ಮನವಿಗೆ ನಿನ್ನೆ ಕೊನೆಯ ದಿನ. ಅರ್ಜಿ ಇಲ್ಲೇ ಮೇಜಿನ ಮೇಲಿದೆ. ಅಚ್ಚುಕಟ್ಟಾಗಿ ತುಂಬಿದ್ದೀಯ, ಒಂದು ತಪ್ಪೂ ಇಲ್ಲ. ಎರಡು ಸಲ ನೋಡಿದೆ. ಸಹಿ ಹಾಕಿಲ್ಲ.

ಈ ಮೂರು ವಾರ ಇವಳು ಅದನ್ನು ದಿನಾ ನನ್ನ ತಟ್ಟೆಯ ಪಕ್ಕ ಇಡುತ್ತಿದ್ದಳು, ಪೆನ್ನಿನ ಮುಚ್ಚಳ ತೆಗೆದು. "ಒಂದು ಸಹಿ ರೀ. ನಿಮ್ಮ ಹೆಸರೇ ತಾನೇ, ಲ್ಯಾಟಿನ್ ಏನಲ್ವಲ್ಲ" ಅನ್ನುತ್ತಿದ್ದಳು. ಮೊನ್ನೆಯಿಂದ ಅನ್ನುವುದು ನಿಲ್ಲಿಸಿದ್ದಾಳೆ. ನಿನ್ನೆ ಸಂಜೆ ಪೆನ್ನಿಗೆ ಮುಚ್ಚಳ ಹಾಕಿ, ಬಟ್ಟೆ ತುಂಬಿಕೊಂಡು ಅವಳ ತಂಗಿಯ ಮನೆಗೆ ಹೋದಳು. ಎಷ್ಟು ದಿನಕ್ಕೆ ಅಂತ ಹೇಳಲಿಲ್ಲ.

ಕಾಮಾಳ ಕೆಲಸ ಹೋಗಬಾರದು ಅಂತ ಸಹಿ ಹಾಕಲಿಲ್ಲ ಅಂದುಕೊಳ್ಳಬೇಡ. ಅಷ್ಟು ಒಳ್ಳೆಯವನಲ್ಲ. ಅವಳು ಹೋದರೆ ಹೋಗಲಿ ಅಂತ ಎರಡು ದಿನ ಅಂದುಕೊಂಡದ್ದೂ ಉಂಟು.

ಕೈ ಮಾತು ಕೇಳಲಿಲ್ಲ ಅಂತ ಆಗಸ್ಟಿನಲ್ಲಿ ಬರೆದಿದ್ದೆನಲ್ಲ, ಅದೂ ಸುಳ್ಳು. ಮೂವತ್ತೆಂಟನೆಯ ಪ್ರಶ್ನೆ ಕಂಡ ಕೂಡಲೇ ಪೇಪರ್ ಮಾಡಿದವಳು ನೀನು ಅಂತ ಗೊತ್ತಾಯಿತು. ಆ ತಪ್ಪನ್ನು ಅಷ್ಟು ಧೈರ್ಯವಾಗಿ ಮಾಡುವವರು ಜಗತ್ತಿನಲ್ಲಿ ಬೇರೆ ಯಾರಿದ್ದಾರೆ? ಆ ಬೆಂಚಿನ ಮೇಲೆ ಕೂತು ಎಷ್ಟು ಖುಷಿಯಾಯಿತು ಗೊತ್ತಾ? ನಮ್ಮಕ್ಕ ಇಲ್ಲೇ ಇದ್ದಾಳೆ ಅನ್ನಿಸಿತು. ನಿಯಮ ಓದಿದ್ದೆ. ಸೆಪ್ಟೆಂಬರ್ ಮುಗಿಯುವವರೆಗೆ ಪದ ಬೇಡ ಅಂದಿದ್ದೆಯಲ್ಲ, ಪತ್ರಿಕೆ ನೋಡುವವಳೂ ನೀನೇ ಇರಬೇಕು, ಹಾಗಾದ ಮೇಲೆ ನಿಯಮ ಯಾರಿಗೆ ಅಂದುಕೊಂಡೆ. ಆ ಎರಡು ಸಾಲನ್ನು ನಿನಗೇ ಬರೆದದ್ದು. ನಗುತ್ತಾಳೆ, ಒಂದು ರಬ್ಬರ್ ತೆಗೆದುಕೊಂಡು ಅಳಿಸುತ್ತಾಳೆ, ಊರಿಗೆ ಬಂದಾಗ ತಲೆಗೆ ಮೊಟಕುತ್ತಾಳೆ ಅಂದುಕೊಂಡಿದ್ದೆ. ಪೆನ್ಸಿಲ್‌ನಲ್ಲಿ ಬರೆದಿದ್ದೆನಲ್ಲ ಅಕ್ಕಾ, ನೋಡಲಿಲ್ಲವಾ?

ಸಿಗರೇಟಿನ ಪೆಟ್ಟಿಗೆಗಳ ಒಂದು ಗೋಡೌನಿನಲ್ಲಿ ಕೆಲಸ ಸಿಕ್ಕಿದೆ. ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಬೇಕು. ಬರೆಯುವುದೇನೂ ಇಲ್ಲ, ಓದುವುದೂ ಇಲ್ಲ. ಅಲ್ಲಿಯವರು ನನ್ನನ್ನು 'ಕನ್ನಡಕ' ಅಂತ ಕರೆಯುತ್ತಾರೆ. ಒಳ್ಳೆಯ ಜನ.

ನಿನ್ನ ಹೇಳಿಕೆಯನ್ನು ಓದಿದೆ. ನನಗೋಸ್ಕರ ಸುಳ್ಳು ಬರೆದಿದ್ದೀಯ, ತಪ್ಪು ಒಪ್ಪಿಕೊಂಡಿದ್ದೀಯ, ಮೂವತ್ತು ವರ್ಷದಲ್ಲಿ ಮೊದಲ ಸಲ. ಸಹಿ ಹಾಕಿದ್ದರೆ ಕೆಲಸ ವಾಪಸು ಬರುತ್ತಿತ್ತು. ಬಂದಿದ್ದರೆ ನಿನ್ನನ್ನು ಕ್ಷಮಿಸಬೇಕಾಗುತ್ತಿತ್ತು, ಬೇರೆ ದಾರಿ ಇರಲಿಲ್ಲ. ಮೂರು ವಾರ ಕೂತು ಎರಡನ್ನೂ ತೂಗಿ ನೋಡಿದೆ. ಕೆಲಸ ಬಿಡುವುದೇ ಸುಲಭ ಅನ್ನಿಸಿತು.

ನಿನ್ನ ತಮ್ಮ